ನನ್ನ ಯಜಮಾನರ ಹಲ್ಲುಗಳನ್ನು ಬಳಕೆಗೆ ತಂದ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಹೆಸರು ನನಗೆ ತಿಳಿಯದು. ತಮ್ಮ ಕಚೇರಿಯಿಂದ ಬಂದ ಕಾಗದಗಳಲ್ಲೆಲ್ಲ ಹೆಸರಿರಬೇಕಾದ ಜಾಗದಲ್ಲಿ ರಬ್ಬರ್ ಮೊಹರಿನ ಅಂಚು ಮಾತ್ರ ಬಿದ್ದಿದೆ. ಆದ್ದರಿಂದ ‘ಹಿರಿಯರ ಮನೆ ಹಗುರ ಯೋಜನೆ’ಯ ಮುಖ್ಯಾಧಿಕಾರಿಗಳಾದ ತಮಗೂ, ತಮ್ಮ ಮೊಹರಿಗೂ, ಆ ಮೊಹರನ್ನು ಒತ್ತಿದ ಕೈಗೂ ಒಟ್ಟಿಗೇ ನಮಸ್ಕಾರ ಹೇಳಿ ಈ ಪತ್ರ ಆರಂಭಿಸುತ್ತೇನೆ. ತಾವು ಆರೋಗ್ಯವಾಗಿದ್ದೀರೆಂದೂ, ತಮ್ಮ ಕಚೇರಿಯ ಕಪಾಟುಗಳೆಲ್ಲ ಖಾಲಿಯಾಗಿ ಹೊಳೆಯುತ್ತಿವೆಯೆಂದೂ ನಂಬಿದ್ದೇನೆ.

ನಾನು ಬೀಗ ರಿಪೇರಿ ಮಾಡುತ್ತಿದ್ದವರ ಹೆಂಡತಿ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹೆಚ್ಚು ಓದಿದವಳಲ್ಲವಾದ್ದರಿಂದ ಬರವಣಿಗೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಮನ್ನಿಸಬೇಕು. ನನ್ನ ದೂರು ಒಂದೇ: ಕಳೆದ ತಿಂಗಳು ನಾನು ತಮಗೊಂದು ಅರ್ಜಿ ಬರೆದೆ, ತಾವು ಅದನ್ನು ಓದಿದಿರಿ. ಓದಿದ್ದು ಸಾಲದೆಂದು ಮಂಜೂರು ಮಾಡಿದಿರಿ. ಅರ್ಜಿಗಳನ್ನು ಓದುವ ಅಧಿಕಾರಿಯೊಬ್ಬರು ಇದ್ದಾರೆಂದು ಮೊದಲೇ ಗೊತ್ತಿದ್ದರೆ ನಾನು ಅದನ್ನು ಬರೆಯುತ್ತಲೇ ಇರಲಿಲ್ಲ. ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ; ಊರವರೆಲ್ಲ ಓದುವುದನ್ನು ತಾವೂ ಓದುವುದು ತಮ್ಮ ಘನತೆಗೆ ಕಡಿಮೆಯಾದೀತೆಂಬ ಧೈರ್ಯ ನನ್ನದು.

ಓದುಗರಿಗೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ಚಳಿ ಕಳೆದು ವಸಂತ ಬಂದಾಗ ತಮ್ಮ ಕರಪತ್ರ ನಮ್ಮ ಬಾಗಿಲಿನ ಸಂದಿಯಲ್ಲಿ ಬಂದು ಬಿತ್ತು. ಅದರ ಮೇಲೆ ನರೆಗೂದಲಿನ ದಂಪತಿಗಳಿಬ್ಬರು ಖಾಲಿ ಕೋಣೆಯಲ್ಲಿ ನಗುತ್ತ ನಿಂತಿದ್ದರು; ಇಬ್ಬರಿಗೂ ಸೇರಿ ಒಂದೇ ಸ್ಟೂಲು, ಯಾರು ಕೂರಬೇಕೆಂದು ಬರೆದಿರಲಿಲ್ಲ. ವಯಸ್ಸಾದವರು ಏಣಿ ಹತ್ತಬೇಕಿಲ್ಲ, ಬಗ್ಗಬೇಕಿಲ್ಲ, ಭಾರ ಎತ್ತಬೇಕಿಲ್ಲ, ಬೇಡದ್ದನ್ನೆಲ್ಲ ನಾವೇ ಬಂದು ತೆಗೆದುಕೊಡುತ್ತೇವೆ ಎಂದು ಬರೆದಿತ್ತು. ದೂರದೂರಿನಲ್ಲಿರುವ ನನ್ನ ಮಗಳು ಫೋನಿನಲ್ಲಿ, “ಅಮ್ಮಾ, ಸುಮ್ನೆ ಹೆಸರು ಕೊಡು. ನೀನು ಆ ಅಟ್ಟ ಹತ್ತಿ ಬಿದ್ರೆ ನಾನು ಅಲ್ಲಿಗೆ ಬರೋಷ್ಟರಲ್ಲಿ ನೀನೇ ಎದ್ದು ಟೀ ಮಾಡ್ಕೊಂಡು ಕುಡೀತಿರ್ತೀಯ, ಆದ್ರೂ ನಂಗೆ ಬರೋ ಹಾಗಾಗುತ್ತೆ” ಎಂದಳು. ಹೆಸರು ಕೊಟ್ಟೆ.

ತಮ್ಮ ತಂಡದ ಮೊದಲ ಭೇಟಿಯನ್ನು ನಾನು ಮನಸಾರೆ ಹೊಗಳುತ್ತೇನೆ. ಕುಳಿತವರ ಮೊಣಕೈ ಎತ್ತರಕ್ಕೆ ಬರುವ ಮೇಜೊಂದನ್ನು ಅವರೇ ಹೊತ್ತು ತಂದರು. ಅಟ್ಟಕ್ಕೆ ಅವರೇ ಹತ್ತಿದರು. ಒಂದು ಸಲಕ್ಕೆ ಒಂದೇ ಡ್ರಾಯರು ತೆಗೆದು ನನ್ನ ಮುಂದಿಟ್ಟು, ನಾನು ದಣಿದೆನೆನ್ನುವಷ್ಟರಲ್ಲಿ ನಿಲ್ಲಿಸಿದರು. ತೂತು ಬಿದ್ದ ಬಕೆಟ್ಟುಗಳು, ನುಸಿ ತಿಂದ ಕಂಬಳಿಗಳು, ಒಂದರೊಳಗೊಂದು ಕೂತು ಬಿಡಿಸಲಾಗದಂತಾಗಿದ್ದ ಡಬ್ಬಗಳು ಎಲ್ಲವೂ ಹೋದವು. ಅವು ಹೋದದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ, ಮನೆಗೆ ನಿಜವಾಗಿಯೂ ಉಸಿರಾಡಲು ಜಾಗವಾಯಿತು.

ಆಮೇಲೆ ತಮ್ಮ ಮೇಲ್ವಿಚಾರಕಿ ನಮ್ಮ ಯಜಮಾನರ ಕೋಣೆಯ ಬಾಗಿಲಿಗೆ ಬಂದಳು. ಒಳ್ಳೆಯ ಹುಡುಗಿ, ಮಾತಿನಲ್ಲಿ ಮರ್ಯಾದೆ ಇದೆ, ಕೈಯಲ್ಲಿ ಮೂರು ಬಣ್ಣದ ಅಂಟುಚೀಟಿಗಳ ಸುರುಳಿ ಇದೆ: ಮನೆಯಲ್ಲೇ ಉಳಿಯುವುದಕ್ಕೆ ಹಸಿರು, ಬೇರೆಯವರಿಗೆ ಕೊಡುವುದಕ್ಕೆ ಹಳದಿ, ಗುಜರಿ ಗಾಡಿಗೆ ಕೆಂಪು. ತಮ್ಮ ಯೋಜನೆಯ ಪ್ರಕಾರ ಅವಳು ಕೇಳಬೇಕಾದ ಪ್ರಶ್ನೆ ಒಂದೇ. “ಅಮ್ಮಾ, ಇದನ್ನ ಕೊನೇ ಸಲ ಯಾವಾಗ ಬಳಸಿದ್ರಿ?” ಅವರು ಬಳಸುತ್ತಿದ್ದರು ಎಂದೆ. “ಈಗ ಯಾರು ಬಳಸ್ತಾರೆ?” ಎಂದು ಮೆಲ್ಲಗೆ ಕೇಳಿದಳು. ಆಮೇಲೆ ತಾನೇ, “ಇವತ್ತೇನೂ ತಗೊಂಡು ಹೋಗಲ್ಲಮ್ಮ. ಮುಂದಿನ ಸಲ ಬರೋ ಹೊತ್ತಿಗೆ ಬಳಕೇಲಿದ್ರೆ ಹಸಿರು ಅಂಟಿಸ್ತೀನಿ. ಇಲ್ಲಾಂದ್ರೆ ಕೆಂಪು. ನಿಮಗೇ ಹಗುರ ಆಗುತ್ತೆ” ಎಂದು ಹೇಳಿ ಹೋದಳು.

ಬಳಸಿದರೆ ಉಳಿಯುತ್ತದೆ ಎಂಬ ಇಂಥ ಸರಳವಾದ ನಿಯಮವನ್ನು ಮಾಡಿದ ತಲೆಗೆ ನಾನು ಎಷ್ಟು ಕೃತಜ್ಞಳೋ ಹೇಳಲಾರೆ. ಮಾರನೆಯ ಬೆಳಿಗ್ಗೆಯಿಂದಲೇ ಬಳಸಲು ತೊಡಗಿದೆ.

ಮೊದಲಿಗೆ ಬೀಗಗಳು. ನಮ್ಮ ಮನೆಯಲ್ಲಿ ಒಂದು ಟ್ರಂಕಿನ ತುಂಬ ಬೀಗಗಳೂ ಇನ್ನೊಂದು ಟ್ರಂಕಿನ ತುಂಬ ಕೀಲಿಗಳೂ ಇದ್ದು, ಯಾವುದಕ್ಕೆ ಯಾವುದು ಎಂಬುದು ಅವರ ಬೆರಳುಗಳಿಗೆ ಮಾತ್ರ ಗೊತ್ತಿತ್ತು. ಬೀಗವನ್ನು ಬಳಸುವುದೆಂದರೆ ಏನನ್ನಾದರೂ ಮುಚ್ಚಿ ಭದ್ರಮಾಡುವುದು; ಆದ್ದರಿಂದ ಬ್ರೆಡ್ಡಿನ ಡಬ್ಬಕ್ಕೆ, ಸೋಪಿನ ಪೆಟ್ಟಿಗೆಗೆ, ಕಿಟಕಿಯ ಒಂದೊಂದು ಬಾಗಿಲಿಗೆ, ಟೀಪುಡಿ ಇಡುವ ಗೂಡಿಗೆ, ನೀರಿನ ನಲ್ಲಿಯ ಹಿಡಿಗೂ ಒಂದೊಂದು ಹಾಕಿದೆ. ಬೆಳಗಿನ ತಿಂಡಿಯನ್ನು ಬಿಡುಗಡೆ ಮಾಡುವಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಬೀಗ ತೆಗೆಯಲು ಕೂರುವ ಹೊತ್ತಾಗುತ್ತಿತ್ತು. ಮೇಲಿನ ಮಹಡಿಯಲ್ಲಿರುವ ನನ್ನ ನಾದಿನಿ ಇಳಿದು ಬಂದವಳು ತನ್ನ ಛತ್ರಿಯನ್ನು ಕುರ್ಚಿಯ ಕಾಲಿಗೆ ಸೇರಿಸಿ ಬೀಗ ಹಾಕಿರುವುದನ್ನು ಕಂಡು, “ಅತ್ತಿಗೆ, ಛತ್ರಿ ಇರಲಿ, ಬ್ರೆಡ್ಡಿಗ್ಯಾಕೆ ಬೀಗ? ಅದೇನು ಯಾರ ಜೊತೆಗಾದ್ರೂ ಓಡಿಹೋಗುತ್ತಾ?” ಎಂದು ಕೇಳಿದಳು. ಸರ್ಕಾರದ ಯೋಜನೆ ಎಂದೆ. “ಹಾಗಾದ್ರೆ ಸರಿ” ಎಂದು, ತನ್ನ ಅಣ್ಣನ ಕೀಲಿಗಳ ರಾಶಿಯೆದುರು ತಾನೂ ಕೂತಳು.

ಅವರ ಕೆಲಸದ ಬೂಟುಗಳಿಗೆ ಹಳೆಯ ಪೇಪರು ತುರುಕಿ ಅಂಗಡಿಗೆ ಹೋದೆ. ಬೂಟಿನ ಸದ್ದು ಕೇಳಿ ಅಂಗಡಿಯವನು ಯಾರೋ ಪೊಲೀಸರು ಬಂದರೆಂದು ತಕ್ಕಡಿಯನ್ನು ಸರಿಮಾಡಿಟ್ಟ. ಒಂದರ ಮೇಲೊಂದು ಅವರ ಕೋಟುಗಳನ್ನೆಲ್ಲ ಹಾಕಿಕೊಂಡು ವಸಂತದ ಬಿಸಿಲಿನಲ್ಲಿ ಬೀದಿ ಸುತ್ತಿದೆ. ನನ್ನ ಕನ್ನಡಕದ ಮೇಲೆ ಅವರ ಕನ್ನಡಕ ಇಟ್ಟು ಪೇಪರು ಓದಿದೆ. ಸುದ್ದಿ ಅಷ್ಟೇ ಇತ್ತು, ಅಕ್ಷರ ಮಾತ್ರ ಆನೆ ಗಾತ್ರವಾಯಿತು. ಗಡ್ಡವಿಲ್ಲದ ಗಲ್ಲಕ್ಕೆ ನೊರೆ ಹಚ್ಚಿ, ಬ್ಲೇಡು ತೆಗೆದ ರೇಜರನ್ನು ಶ್ರದ್ಧೆಯಿಂದ ಎಳೆದುಕೊಂಡೆ. ಅವರ ಕಿವಿಯ ಮಿಷನ್ನು ಹಾಕಿಕೊಂಡಾಗಲಂತೂ, ಚೆನ್ನಾಗಿಯೇ ಕೇಳುವ ನನ್ನ ಕಿವಿಗೆ ಎರಡು ಮನೆಯಾಚೆಯ ದಂಪತಿ ನನಗೆ ಹುಚ್ಚು ಹಿಡಿದಿದೆಯೋ ಇಲ್ಲವೋ ಎಂದು ಜಗಳವಾಡುತ್ತಿರುವುದು ಪಕ್ಕದಲ್ಲೇ ನಿಂತು ಆಡಿದಂತೆ ಕೇಳಿಸಿತು. ಹೆಂಡತಿ ನನ್ನ ಪರವಾಗಿದ್ದಳು.

ಇದೆಲ್ಲ ತಮ್ಮ ಮೇಲಿನ ದೂರೆಂದು ತಿಳಿಯಬೇಡಿ. ಮನೆ ಇಷ್ಟು ಸ್ವಚ್ಛವಾಗಿ ಯಾವತ್ತೂ ಇರಲಿಲ್ಲ. ಒಂದು ವಸ್ತುವೂ ಒಂದು ಕಡೆ ನೆಟ್ಟಗೆ ಕೂರದೆ ಇರುವಾಗ ಧೂಳಾದರೂ ಯಾವುದರ ಮೇಲೆ ಕೂರಬೇಕು? ಒರೆಸುವ ಬಟ್ಟೆಯೊಂದೇ ಬಳಕೆಯಿಲ್ಲದೆ ಬಿದ್ದಿತ್ತು; ಅದಕ್ಕೆ ಕೆಂಪು ಚೀಟಿ ಬಿದ್ದೀತೆಂದು ಹೆದರಿ ಅದರಿಂದ ಏನೂ ಇಲ್ಲದ ಗೋಡೆಯನ್ನು ಒರೆಸುತ್ತ ಬಂದೆ.

ಎರಡನೆಯ ಭೇಟಿಗೆ ಬಂದ ಮೇಲ್ವಿಚಾರಕಿ ಬೆರಗಾದಳು. “ಅಬ್ಬಾ, ನಿಮ್ಮಷ್ಟು ಸಾಮಾನು ಬಳಸೋರನ್ನ ನಾನು ಎಲ್ಲೂ ನೋಡಿಲ್ಲಮ್ಮ” ಎನ್ನುತ್ತ ಹಸಿರು ಚೀಟಿಯ ಸುರುಳಿಯನ್ನು ಮುಗಿಸಿ ಇನ್ನೊಂದನ್ನು ಬಿಚ್ಚಿದಳು. ನಾವು ಅಡುಗೆಮನೆಗೆ ಬಂದೆವು. ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟದ ನೀರಿನಲ್ಲಿ ಅವರ ಹಲ್ಲುಗಳಿದ್ದವು, ಮೇಲಿನದೂ ಕೆಳಗಿನದೂ.

ಆ ಹಲ್ಲುಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವನ್ನು ಕಟ್ಟಿಸಿ ತಂದ ಹೊಸತರಲ್ಲಿ ಒಸಡಿಗೆ ಒತ್ತುತ್ತಿದ್ದವು. ವೈದ್ಯರ ಬಳಿ ಹೋಗಿ ಸರಿಮಾಡಿಸಿಕೊಳ್ಳಿ ಎಂದರೆ ಕೇಳದೆ, ಕೀಲಿ ಉಜ್ಜುವ ಅರ ತೆಗೆದುಕೊಂಡು ತಾವೇ ಉಜ್ಜಿದರು. ಉಜ್ಜುವುದು, ಹಾಕಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಒತ್ತುವುದು ನಿಂತಿತು, ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದಿ ಉಳಿಯಿತು, ಅಂದಿನಿಂದ ಅವರು ಮಾತಾಡುವಾಗ ನಡುನಡುವೆ ಸಿಳ್ಳೆ ಬರುತ್ತಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿದ ದಿನ ನರ್ಸಮ್ಮ ಆ ಹಲ್ಲುಗಳನ್ನು ತೆಗೆಸಿ ನನ್ನ ಕರವಸ್ತ್ರದಲ್ಲಿ ಸುತ್ತಿಕೊಟ್ಟರು. ಅವರು ಮನೆಗೆ ಬರಲಿಲ್ಲ, ಹಲ್ಲುಗಳು ಬಂದವು. ಅವನ್ನು ಲೋಟದಲ್ಲಿಟ್ಟು ದಿನವೂ ನೀರು ಬದಲಿಸುತ್ತಿದ್ದೆ. ಬೇರೇನೂ ಮಾಡುತ್ತಿರಲಿಲ್ಲ.

“ಇದು ಬಳಕೇಲಿದೆಯಾ ಅಮ್ಮ?” ಎಂದು ಅವಳು ಕೇಳಿದಳು. ಪೇಪರು ಹಾರದಂತೆ ಇಡಲು ಬೇಕಾಗುತ್ತದೆ ಎಂದು ಸುಳ್ಳು ಹೇಳಿದೆ. ತಮ್ಮ ನಿಯಮದಲ್ಲಿ ‘ವಸ್ತುವಿನ ಸ್ವಂತ ಉದ್ದೇಶಕ್ಕೆ’ ಎಂಬ ಮಾತಿದೆಯಂತೆ. ಹಲ್ಲಿನ ಉದ್ದೇಶ ಅಗಿಯುವುದಂತೆ. ಅವಳಿಗೂ ಕಷ್ಟವಾಯಿತೆಂದು ಕಾಣುತ್ತದೆ, “ಒಂದು ಫೋಟೊ ತೆಗೆದಿಟ್ಕೊಂಡು ವಸ್ತು ಬಿಟ್ಬಿಡಿ, ತುಂಬ ಜನ ಹಾಗೇ ಮಾಡ್ತಾರೆ” ಎಂದಳು. ನಾದಿನಿ, “ಹೌದು ಹೌದು, ಫೋಟೊಗೆ ಕಟ್ಟು ಹಾಕಿಸಿ ನೇತುಹಾಕೋಣ. ಬಂದೋರೆಲ್ಲ ಯಾರ ಹಲ್ಲು ಅಂತ ಕೇಳ್ತಾರೆ, ನಮ್ಮಣ್ಣನದು, ಬಾಕಿ ಅವನು ಫೋಟೊದಿಂದ ಆಚೆ ಹೋಗಿದ್ದಾನೆ ಅಂತೀನಿ” ಎಂದಳು. ಮುಂದಿನ ಭೇಟಿಯವರೆಗೆ ಕಾಲಾವಕಾಶ ಸಿಕ್ಕಿತು.

ಅಂದು ನಾನು ತಮಗೆ ಬರೆದದ್ದೇ ಆ ಅರ್ಜಿ. ಸಿಟ್ಟಿನಲ್ಲಿ ಬರೆದೆ, ಆದರೆ ವಿನಯದಿಂದ ಬರೆದೆ. ನಮ್ಮಂಥವರು ಸಿಟ್ಟನ್ನು ತೋರಿಸಲು ಇರುವ ದಾರಿ ಅದೊಂದೇ. ನನ್ನ ಬಾಯಿಗೆ ಆ ಹಲ್ಲುಗಳು ಹೊಂದದ ಕಾರಣ, ಅದೇ ಅಳತೆಯ ದವಡೆಯುಳ್ಳ, ಸ್ವಂತ ಹಲ್ಲಿಲ್ಲದ, ನಡತೆ ಉತ್ತಮವಾಗಿರುವ ಒಬ್ಬ ಅರ್ಹ ವ್ಯಕ್ತಿಯನ್ನು ಇಲಾಖೆಯೇ ನೇಮಿಸಿ, ರಜಾದಿನಗಳನ್ನು ಬಿಟ್ಟು ಪ್ರತಿದಿನ ನಮ್ಮ ಮನೆಗೆ ಕಳಿಸಿ, ಸದರಿ ಹಲ್ಲುಗಳಿಂದ ಅಗಿಸಬೇಕಾಗಿ ಬೇಡಿಕೊಂಡೆ. ಇದನ್ನು ಓದಿದ ಯಾರಾದರೂ ನಾಚಿಕೊಂಡು, ಆ ಮುದುಕಿಯ ಲೋಟವನ್ನು ಅದರ ಪಾಡಿಗೆ ಬಿಡಿ ಎಂದು ಬರೆದಾರೆಂದು ಎಣಿಸಿದ್ದೆ.

ತಾವು ಕಂಡಕ್ಟರನ್ನು ಕಳಿಸಿದಿರಿ.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು, ಬಾಯಿ ಒಳಕ್ಕೆ ಮಡಚಿಕೊಂಡಿರುವ ವಯಸ್ಸಾದವರು, ತಮ್ಮ ಮೊಹರಿನ ಕಾಗದ ಹಿಡಿದು ನಿಂತಿದ್ದರು. “ಅಮ್ಮಾವ್ರೆ, ಇಲ್ಲಿ ಹಲ್ಲು ಸುಮ್ನೆ ಕೂತಿದಾವಂತೆ. ಅಗಿಸೋಕೆ ನನ್ನ ಕಳಿಸಿದ್ದಾರೆ” ಎಂದರು. ಈ ಕಂಡಕ್ಟರು ಕಟ್ಟುಹಲ್ಲಿಗಾಗಿ ತಮ್ಮ ಕಚೇರಿಯಿರುವ ಕಟ್ಟಡದ್ದೇ ದಂತ ವಿಭಾಗದಲ್ಲಿ ಹಿಂದಿನ ಚಳಿಗಾಲದಿಂದ ಸರದಿಯಲ್ಲಿದ್ದಾರಂತೆ. ಆ ವಿಭಾಗದ ಬಾಗಿಲು ತಮ್ಮ ಬಾಗಿಲಿಗೆ ಎದುರೇ ಇದೆಯಂತೆ. ಅಲ್ಲಿಂದ ಇಲ್ಲಿಗೆ ಒಬ್ಬರ ಅಂಗುಳದ ಅಳತೆ ಬರೆದ ಚೀಟಿಯೊಂದು ದಾಟಿ ಬರಲು ನನ್ನ ಕುಚೇಷ್ಟೆಯ ಅರ್ಜಿಯೇ ಬೇಕಾಯಿತೆಂದು ತಿಳಿದು ನನಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದವರನ್ನು ಹಿಂದೆ ಕಳಿಸುವುದು ಹೇಗೆ? ಹಲ್ಲುಗಳನ್ನು ಬ್ರಷ್ಷು ಹಾಕಿ ತಿಕ್ಕಿ, ಉಪ್ಪುನೀರಿನಲ್ಲಿ ಅದ್ದಿ ಕೊಟ್ಟೆ. ನಾದಿನಿ ಕಾವಲಿಗೆಂದು ಬಾಗಿಲಿಗಡ್ಡ ನಿಂತಳು. ಕಂಡಕ್ಟರು ಅಭ್ಯಾಸಬಲದಿಂದ, “ಬಾಗಿಲಲ್ಲಿ ನಿಲ್ಬೇಡಿ, ಸ್ವಲ್ಪ ಒಳಗೆ ಹೋಗಿ” ಎಂದುಬಿಟ್ಟರು. “ನಮ್ಮಣ್ಣನ ಮನೇಲಿ ನಿಂತಿದ್ದೀನಿ ಸ್ವಾಮಿ, ಪಾಸು ತೋರಿಸ್ಬೇಕಾ?” ಎಂದಳು ಅವಳು. ಮೊದಲ ದಿನ ಹಲ್ಲುಗಳು ಅವರ ಬಾಯಲ್ಲಿ ಬೇರೆಯವರ ಮನೆಗೆ ಬಂದ ನೆಂಟರಂತೆ ಒಂದೆಡೆ ಕೂರದೆ ಟಕಟಕ ಎಂದವು. ಬ್ರೆಡ್ಡಿನ ಒಂದು ತುಂಡಿಗೆ ಊರೆಲ್ಲ ಕೇಳುವಷ್ಟು ಸದ್ದಾಯಿತು. ಆದರೆ ಅವರು ಬಿಡದೆ ದಿನವೂ ಬಂದರು. ಕಚ್ಚಿ, ತಿರುಗಿಸಿ, ಮತ್ತೆ ಕಚ್ಚಿ, ತನ್ನದಲ್ಲದ ಬೀಗದಲ್ಲಿ ಕೀಲಿಯೊಂದು ಮೆಲ್ಲಗೆ ದಾರಿ ಮಾಡಿಕೊಳ್ಳುವ ಹಾಗೆ, ಆ ಹಲ್ಲುಗಳು ಒಂದು ದಿನ ಸರಿಯಾಗಿ ಕೂತವು.

ಅವತ್ತು ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. “ಸಕ್ಕರೆ ಸ್ವಲ್ಪ ಸಾಕು” ಎಂದು ಆಚೆಯಿಂದ ಕೇಳಿತು, ಸಿಳ್ಳೆಯ ಸಮೇತ. “ಬಂದೆ ಇರ್ರೀ, ನಂಗೇನು ನಾಲ್ಕು ಕೈಯಿದೆಯಾ?” ಎಂದು ಗದರಿಸಿ, ಲೋಟ ಹಿಡಿದು, ಸೆರಗಿನಲ್ಲಿ ಕೈ ಒರೆಸಿಕೊಂಡು ಆಚೆ ಬಂದೆ. ಮೇಜಿನೆದುರು ಕಂಡಕ್ಟರು ಕೂತಿದ್ದರು. ನಾದಿನಿ ತನ್ನ ಲೋಟವನ್ನು ಕೆಳಗಿಟ್ಟು ಗೋಡೆ ನೋಡುತ್ತಿದ್ದಳು. ಕಂಡಕ್ಟರು ಹಲ್ಲು ತೆಗೆದು ತಟ್ಟೆಯ ಅಂಚಿನಲ್ಲಿಟ್ಟು, ಬೊಚ್ಚುಬಾಯಲ್ಲಿ, “ಟೀ ಹೀಗೇ ಕುಡೀತೀನಿ ಅಮ್ಮಾವ್ರೆ” ಎಂದರು.

ಮಾನ್ಯರೇ, ಅರ್ಜಿಯಲ್ಲಿ ನಾನು ಅಗಿಯುವುದನ್ನು ಮಾತ್ರ ಕೇಳಿದ್ದೆ. ಮಾತಾಡುವುದನ್ನು ಕೇಳಿರಲಿಲ್ಲ. ನಗುವುದನ್ನಂತೂ ಕೇಳಿರಲೇ ಇಲ್ಲ. ನಾದಿನಿಯ ತಮಾಷೆಗೆ ಕಂಡಕ್ಟರು ನಕ್ಕಾಗ ತುಟಿಯ ಎಡಗಡೆ ಮೇಲೆ ಹೋಗಿ ಕಾಣಿಸುವುದು ಯಾರ ನಗು ಎಂಬುದನ್ನು ತಮ್ಮ ಇಲಾಖೆ ಯಾವ ನಿಯಮದಡಿ ಪರಿಗಣಿಸಿತು, ಅದಕ್ಕೆ ಮುನ್ಸೂಚನೆಯ ಒಂದು ಕಾಗದವನ್ನಾದರೂ ಏಕೆ ಕಳಿಸಲಿಲ್ಲ ಎಂದು ಕೇಳುವ ಹಕ್ಕು ಹಗುರಗೊಂಡ ಹಿರಿಯಳಾದ ನನಗೆ ಇದೆಯೆಂದು ತಿಳಿದಿದ್ದೇನೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಹಲ್ಲುಗಳು ಅಗಿಯುತ್ತಿದ್ದವು, ಮೂರನೆಯ ಭೇಟಿ ಹತ್ತಿರ ಬರುತ್ತಿತ್ತು, ಹಸಿರು ಚೀಟಿ ಖಂಡಿತವಿತ್ತು. ಲೋಟ ನನ್ನ ಕಿಟಕಿಯಲ್ಲೇ ಉಳಿಯುತ್ತಿತ್ತು. ನನಗೆ ಬೇಕಿದ್ದುದು ಅಷ್ಟೇ. ಆದರೆ ತಮ್ಮ ಆದೇಶದಲ್ಲಿ, ಹಲ್ಲುಗಳು ಈ ವಿಳಾಸದ ಸ್ವತ್ತಾದ್ದರಿಂದ ಹೊಸಿಲು ದಾಟತಕ್ಕದ್ದಲ್ಲ ಎಂದು ಬರೆದಿತ್ತು. ಕಂಡಕ್ಟರು ಅದನ್ನು ಅಕ್ಷರಶಃ ಪಾಲಿಸುವವರು. ದಿನವೂ ಹೊರಡುವ ಮುನ್ನ ಹಲ್ಲು ತೊಳೆದು ಲೋಟಕ್ಕೆ ಹಾಕಿ, ಬಾಯಿ ಮಡಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಒಂದು ದಿನ ಜೇಬಿನಿಂದ ಒಂದು ಸೇಬು ತೆಗೆದು ಮೇಜಿನ ಮೇಲಿಟ್ಟರು. ಅರ್ಧ ತಿಂದು, ಉಳಿದರ್ಧವನ್ನು ನನ್ನ ಕಡೆ ಸರಿಸಿ, “ಇದನ್ನ ಇಲ್ಲೇ ಇಟ್ಟಿರಿ ಅಮ್ಮಾವ್ರೆ, ನಾಳೆ ತಿಂತೀನಿ. ಮನೇಗೆ ತಗೊಂಡ್ಹೋದ್ರೆ ಬರೀ ನೋಡೋದಷ್ಟೇ” ಎಂದರು. ಮನೆಯಲ್ಲೇನು ತಿನ್ನುತ್ತೀರೆಂದು ಕೇಳಿದ್ದಕ್ಕೆ, “ನೀರಲ್ಲಿ ನೆನೆಯೋದೆಲ್ಲ ತಿಂತೀನಿ” ಎಂದರು.

ಮೂರನೆಯ ಭೇಟಿಗೆ ಬಂದ ಮೇಲ್ವಿಚಾರಕಿ ಸಂತೋಷದಿಂದ ಲೋಟಕ್ಕೆ ಹಸಿರು ಚೀಟಿ ಅಂಟಿಸಲು ಹೋದಾಗ, ನಾನು ಹಳದಿ ಅಂಟಿಸು ಎಂದೆ. ಅವಳಿಗೆ ಗಾಬರಿಯಾಯಿತು. “ಬಳಕೇಲಿರೋದನ್ನ ಕೊಡೋಕೆ ಬರಲ್ಲಮ್ಮ. ಬಳಸದೇ ಇದ್ದಿದ್ರೆ ಕೊಡಬಹುದಿತ್ತು.” ಬಳಸದೆ ಇದ್ದಾಗ ಕೆಂಪು ಎಂದಿದ್ದೆಯಲ್ಲ ಎಂದೆ. “ಅದು ಆವಾಗ” ಎಂದಳು. ಕೊನೆಗೆ ಅವಳು ಹಸಿರು ಚೀಟಿ ಅಂಟಿಸಿ, ಕಣ್ಣು ತಪ್ಪಿಸಿ ಹೋದಳು. ನಾನು ಗೆದ್ದೆ, ಮಾನ್ಯರೇ. ತಮ್ಮ ಯೋಜನೆಯನ್ನು ಅದರ ನಿಯಮದಿಂದಲೇ ಗೆದ್ದವರು ಇಡೀ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನಿನ್ನೆ ಕಂಡಕ್ಟರು ಹಲ್ಲು ತೆಗೆಯಲು ಬಾಯಿಗೆ ಕೈ ಹಾಕಿದಾಗ, “ಇರಲಿ, ಹಾಕ್ಕೊಂಡೇ ಹೋಗಿ” ಎಂದೆ. ಅವರು ಕಾಗದ ತೆಗೆದು, “ಆರ್ಡರಿನಲ್ಲಿ ಹೊಸಿಲು ದಾಟಬಾರದು ಅಂತ...” ಎಂದು ಓದತೊಡಗಿದರು. ನಾದಿನಿ ಆ ಕಾಗದವನ್ನು ಅವರ ಕೈಯಿಂದ ಕಿತ್ತುಕೊಂಡು, “ನಿಮ್ಮ ಸ್ಟಾಪ್ ಬಂತು, ಇಳೀರಿ” ಎಂದಳು. ಅವರು ನನ್ನ ಮುಖ ನೋಡಿದರು. ರಾತ್ರಿ ತೆಗೆದು ತಣ್ಣೀರಲ್ಲೇ ಇಡಬೇಕು, ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತವೆ, ಕೆಳಗಿನದನ್ನು ಮೊದಲು ಹಾಕಬೇಕು, ಗಟ್ಟಿಯಾದದ್ದನ್ನು ಮುಂದಿನ ಹಲ್ಲಲ್ಲಿ ಕಚ್ಚಬಾರದು, ಅಲ್ಲಿ ಅರ ಹಾಕಿ ತೆಳುವಾಗಿದೆ ಎಂದು ಹೇಳಿದೆ. ಅವರು ಬಾಯಿ ಮುಚ್ಚಿಕೊಂಡೇ ಕೈಮುಗಿದು ಮೆಟ್ಟಿಲಿಳಿದರು.

ಇಂದು ಹನ್ನೊಂದಕ್ಕೆ ಗಂಟೆ ಹೊಡೆಯಲಿಲ್ಲ. ಹೊಡೆಯಬೇಕಾದ ಕಾರಣವೂ ಇಲ್ಲ, ಅವರು ಈಗ ತಮ್ಮ ಮನೆಯಲ್ಲೇ ತಿನ್ನಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಸದರಿ ಹಲ್ಲುಗಳ ವಿಳಾಸವನ್ನು ಕಂಡಕ್ಟರ ಬಾಯಿಯೆಂದು ತಿದ್ದಿಕೊಳ್ಳಬೇಕು. ಅವು ಎಲ್ಲಿವೆಯೆಂದು ವಿಚಾರಿಸಲು ಯಾರನ್ನಾದರೂ ಕಳಿಸಿದರೆ ಬಳಕೆಯಲ್ಲಿವೆ ಎನ್ನುತ್ತೇನೆ, ಈ ಸಲ ಅದು ಸುಳ್ಳಲ್ಲ. ಅವರ ನಗುವಿಗೆ ಯಾವ ಬಣ್ಣದ ಚೀಟಿಯನ್ನೂ ಅಂಟಿಸಬಾರದು. ಮತ್ತು, ದಯವಿಟ್ಟು, ಹುದ್ದೆ ಖಾಲಿಯಾಯಿತೆಂದು ನಮ್ಮ ಮನೆಗೆ ಇನ್ನೊಬ್ಬರನ್ನು ನೇಮಿಸಬೇಡಿ.

ತಮ್ಮ ಕೃಪೆಯಿಂದ ಹಗುರಾಗಿರುವ,
ತಮ್ಮ ವಿಶ್ವಾಸಿ,
ಬೀಗದವರ ಹೆಂಡತಿ

ವಿ.ಸೂ.: ಈ ವಿಷಯ ಮಾತಾಡಲು ಈ ವಸಂತದಲ್ಲಿ ನಾನು ಎಷ್ಟು ಸಲ ತಮ್ಮ ಕಚೇರಿಗೆ ಬಂದರೂ ತಮ್ಮ ಕುರ್ಚಿಯಲ್ಲಿ ಒಂದು ಕೋಟು ಮಾತ್ರ ಕೂತಿರುತ್ತಿತ್ತು. ಇಡೀ ಋತುವಿನಲ್ಲಿ ಸ್ವಂತ ಉದ್ದೇಶಕ್ಕೆ ಬಳಕೆಯಾಗದ ವಸ್ತುವಿನ ಬಗ್ಗೆ ತಮ್ಮ ನಿಯಮ ಸ್ಪಷ್ಟವಾಗಿರುವುದರಿಂದ ನಮ್ಮ ಬೀದಿಯ ಗುಜರಿಯವನಿಗೆ ಆ ಕುರ್ಚಿಯ ವಿಳಾಸ ಕೊಟ್ಟಿದ್ದೇನೆ, ಸೋಮವಾರ ಗಾಡಿ ತರುತ್ತಾನೆ. ಕೋಟು ಕುರ್ಚಿಯ ಜೊತೆಗೇ ಬರುತ್ತದೋ ಬೇರೆಯೋ ಎಂದು ಅವನು ಕೇಳುತ್ತಿದ್ದಾನೆ. ತಮಗೆ ಏಣಿ ಹತ್ತುವ, ಬಗ್ಗುವ, ಭಾರ ಎತ್ತುವ ತೊಂದರೆ ಇರುವುದಿಲ್ಲ. ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.